ಮೂರು ಮನೆಗೆ ಒಬ್ಬ ಮಾವಶಿ

ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್ ಟಣ್.

ಕಬ್ಬಿಣದ ಮಂಚದ ಕಂಬಿಗೆ ಸ್ಟೀಲ್ ಚಮಚ ಬಡಿಯುವ ಸದ್ದು ಅದು. ಒಂದು ಸಲ ಬಡಿದರೆ ನೀರು. ಎರಡು ಸಲ ಬಡಿದರೆ ಮಗ್ಗಲು ಬದಲಿಸು. ಬಿಡದೆ ಬಡಿಯುತ್ತಿದ್ದರೆ ಆಗಲೇ ತಡವಾಗಿದೆ, ಚಾದರ ತೆಗೆದುಕೊಂಡೇ ಬಾ ಎಂದರ್ಥ. ಪಾರ್ಶ್ವವಾಯು ಹೊಡೆದು ನಮ್ಮ ಮನೆಯವರ ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದ ಮೇಲೆ ನಾನೇ ಆ ಚಮಚಕ್ಕೆ ದಾರ ಕಟ್ಟಿ ಅವರ ಎಡಗೈಗೆ ನಿಲುಕುವಂತೆ ತೂಗುಬಿಟ್ಟಿದ್ದೆ. ವೆರಿ ಕ್ಲೆವರ್ ಐಡಿಯಾ ಎಂದು ನನಗೆ ನಾನೇ ಶಾಬಾಸ್ ಹೇಳಿಕೊಂಡಿದ್ದೆ. ಬೆಲ್ ಆದೊಡನೆ ಎದ್ದು ನಿಲ್ಲುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ನನ್ನ ಕಾಲಿಗೆ ಕಲಿಸಿದ್ದರು. ಎಪ್ಪತ್ತರ ಹತ್ತಿರ ಬಂದರೂ ಕಾಲು ಆ ಪಾಠ ಮರೆತಿರಲಿಲ್ಲ. ಅಡುಗೆಮನೆಯಲ್ಲಿರಲಿ, ಬಚ್ಚಲಲ್ಲಿರಲಿ, ಟಣ್ ಎಂದರೆ ಮನಸ್ಸಿಗಿಂತ ಮೊದಲು ಕಾಲು ಹೊರಡುತ್ತಿತ್ತು.

ಅವರು ಗೋಕಾಕ ಫಾಲ್ಸಿನ ಬಟ್ಟೆ ಮಿಲ್ಲಿನಲ್ಲಿ, ನೂಲು ತೆಗೆಯುವ ರಿಂಗ್ ಖಾತೆಯಲ್ಲಿ, ಜಾಬರ್ ಅಂದರೆ ಕೆಲಸಗಾರರ ಮೇಸ್ತ್ರಿ ಆಗಿದ್ದವರು. ನಾನು ಗೋಕಾಕದ ಒಂದು ಸಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಮಕ್ಕಳಿಲ್ಲ. ರಿಟೈರ್ ಆದಮೇಲೆ ಸಂಜೆ ಹೊತ್ತು ನಮ್ಮ ಪಡಸಾಲೆಯಲ್ಲೇ ಗ್ರಾಮರ್ ಟ್ಯೂಷನ್ ನಡೆಸುತ್ತಿದ್ದೆ. ಅವರು ಹಾಸಿಗೆ ಹಿಡಿದ ಮೇಲೆ ಟ್ಯೂಷನ್ ಹಾಗೇ ನಡೆಯಿತು. ಪಾಸ್ಟ್ ಪರ್ಫೆಕ್ಟ್ ಹೇಳುತ್ತಿರುವಾಗ ಟಣ್ ಎಂದರೆ ಹುಡುಗಿಯರೇ "ಟೀಚರ್, ಸರ್ ಕರಿಯಾಕತ್ತಾರ" ಎನ್ನುತ್ತಿದ್ದರು.

ಗಂಜಿ ಕುಡಿಸುವಾಗ ನನ್ನ ಕೈ ಅವರ ಬಾಯಿ ತಪ್ಪಿ ಗಲ್ಲಕ್ಕೆ ಹೋಗತೊಡಗಿದಾಗ ಎಡಗಣ್ಣಿನ ಮೇಲೆ ಸಂಶಯ ಬಂತು. ಬಾಜೂ ಮನೆಯಾಕೆ ಒಂದು ದಿನ ಅವರ ಹತ್ತಿರ ಕುಳಿತು ನನ್ನನ್ನು ಬೆಳಗಾವಿಯ ಕಣ್ಣಿನ ಡಾಕ್ಟರರ ಬಳಿ ಕಳಿಸಿದಳು. ಅವರು ಕೊಟ್ಟ ಡ್ರಾಪ್ಸ್ ಒಂದೆರಡು ತಿಂಗಳು ಹಾಕಿಕೊಂಡು ಮತ್ತೆ ಹೋದಾಗ ಡಾಕ್ಟರ್ ಬಹಳ ಹೊತ್ತು ಮಷಿನ್ನಿನಲ್ಲಿ ನೋಡಿದರು.

"ಮೇಡಂ, ಕಣ್ಣಿನ ಪ್ರೆಶರ್ ಡ್ರಾಪ್ಸಿನ ಮಾತ ಕೇಳಾಕತ್ತಿಲ್ರಿ. ಹೋದ ದೃಷ್ಟಿ ತಿರುಗಿ ಬರಂಗಿಲ್ಲ. ಉಳದಷ್ಟ ಉಳಸ್ಕೋಬೇಕಂದ್ರ ಆಪರೇಷನ್ ಲಗೂನ ಆಗಬೇಕು."

"ಮಾಡಿಸ್ಕೋತೇನ್ರಿ. ಆಮ್ಯಾಲ ಪಥ್ಯ ಏನು?"

"ಪಥ್ಯ ಏನಿಲ್ಲ. ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ, ತಿಣಕಂಗಿಲ್ಲ. ಮೊದಲ ಹತ್ತ ದಿನ ಅಂತೂ ಭಾಳ ಹುಷಾರ್ ಇರಬೇಕು."

ನನಗೆ ನಗು ಬಂತು. ಡಾಕ್ಟರ್ ಮುಖ ನೋಡಿದರು. ನನ್ನ ಇಡೀ ದಿನವೆಂದರೆ ಬಗ್ಗುವುದು, ಎತ್ತುವುದು, ತಿಣುಕುವುದು. ಅದನ್ನು ಅವರಿಗೆ ಹೇಗೆ ಬಿಡಿಸಿ ಹೇಳಲಿ?

ಕೆಲ ದಿನಗಳ ಮಟ್ಟಿಗೆ ಆರೈಕೆಯ ಭಾರವನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ರೆಸ್ಪೈಟ್ ಕೇರ್ ಎನ್ನುತ್ತಾರೆ. ರೆಸ್ಪೈಟ್ ಎಂಬ ಪದವನ್ನು ಮಕ್ಕಳಿಗೆ ಎಷ್ಟೋ ವರ್ಷ ಡಿಕ್ಟೇಷನ್ ಕೊಟ್ಟಿದ್ದೇನೆ. ಅದು ಎಲ್ಲಿ ಸಿಗುತ್ತದೆ, ಏನು ಬೆಲೆ ಎಂದು ಹುಡುಕುವ ಕೆಲಸ ಆ ವಾರ ಶುರುವಾಯಿತು.

ಬೆಳಗಾವಿಯ ಒಂದು ಹೋಮ್ ಕೇರ್ ಏಜೆನ್ಸಿಗೆ ಫೋನ್ ಮಾಡಿದೆ. ತಿಂಗಳಿಗಿಂತ ಕಡಿಮೆ ಕೊಡುವುದಿಲ್ಲ, ಪೂರ್ತಿ ಅಡ್ವಾನ್ಸ್, ಹಗಲಿಗೊಬ್ಬರು ರಾತ್ರಿಗೊಬ್ಬರು, ಊಟ ವಸತಿ ನಮ್ಮದು ಎಂದರು. "ಅದರಾಗ ಗೋಕಾಕಂದ್ರ ನಮ್ಮ ಸ್ಟಾಫ್ ಒಲ್ಲೆ ಅಂತಾರ್ರಿ ಮೇಡಂ" ಎಂಬುದು ಕೊನೆಯ ಮಾತು. ಅವರು ಹೇಳಿದ ಮೊತ್ತಕ್ಕೆ ನನ್ನ ಪೆನ್ಶನ್ನು, ಟ್ಯೂಷನ್ ಫೀ ಎರಡೂ ಸೇರಿದರೂ ಸಾಲುತ್ತಿರಲಿಲ್ಲ. ಒಂದು ವೃದ್ಧಾಶ್ರಮದವರು ನಡೆದಾಡುವವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ನಡೆದಾಡುತ್ತಿದ್ದರೆ ನಾನೇಕೆ ಕೇಳುತ್ತಿದ್ದೆ? ಊರಿನ ನರ್ಸಿಂಗ್ ಹೋಮಿನವರು ಮಾತ್ರ ಸಂತೋಷದಿಂದ ಬೆಡ್ ಕೊಡುತ್ತೇವೆಂದರು.

"ಆದ್ರ ಪೇಶಂಟ್ ಬಾಜೂಕ ಮನಿಯವರು ಒಬ್ಬರು ಇರಬೇಕ್ರಿ, ಹಗಲು ರಾತ್ರಿ."

"ಆ ಮನಿಯವರು ನಾನರೀ. ನಾ ಇರಾಕ ಆಗಂಗಿಲ್ಲಂತನ ನಿಮ್ಮಲ್ಲಿ ಬಂದೇನಿ."

"ಹಂಗಾದ್ರ ನಿಮ್ಮ ಬದಲಿ ಯಾರನ್ನರ ಕರಕೊಂಡ ಬರ್ರಿ" ಎಂದಳು ಕೌಂಟರಿನ ಹುಡುಗಿ, ಬಹಳ ಸಭ್ಯಳಾಗಿ.

ಮನೆಗೆ ಬರುವಾಗ ದಾರಿಯಲ್ಲಿ ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಎಡಗಣ್ಣಿನ ಲೋಕ ಸುತ್ತಲೂ ಮಡಚಿಕೊಂಡು ಬರುತ್ತಿತ್ತು, ಕೊಡೆ ಮುಚ್ಚುವ ಹಾಗೆ.

ಉಪಾಯ ಹುಟ್ಟಿದ್ದು ಫಿಜಿಯೊಥೆರಪಿ ಸೆಂಟರಿನ ಬೆಂಚಿನ ಮೇಲೆ. ವಾರಕ್ಕೊಮ್ಮೆ ಅವರನ್ನು ಆಟೋದಲ್ಲಿ ಅಲ್ಲಿಗೆ ಒಯ್ಯುತ್ತಿದ್ದೆ. ಒಳಗೆ ಅವರ ಕೈಕಾಲು ಆಡಿಸುವಷ್ಟು ಹೊತ್ತು ಹೊರಗೆ ನಮ್ಮಂಥವರು ಕುಳಿತಿರುತ್ತಿದ್ದೆವು. ಒಂದು ದಿನ ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ಮುಖಪರದೆ ಸರಿಸಿ ನಕ್ಕಳು.

"ಟೀಚರ್! ಗುರ್ತ ಸಿಗಲಿಲ್ಲೇನ್ರಿ? ಏಳನೇ ಕ್ಲಾಸಿನ್ಯಾಗ ನನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರಿ."

"ಯಾಕ ನಿಲ್ಲಿಸಿದ್ನವಾ?"

"ನಿದ್ದಿ ಹೊಡೀತಿದ್ನೆಲ್ಲಾ. ಈಗ ನಿಲ್ಲಿಸಿ ನೋಡ್ರಿ. ನಿಂತಲ್ಲೇ ಗೊರಕಿ ಹೊಡೀತೇನಿ."

ಮೂಡಲಗಿಯಲ್ಲಿ ಅಡತಿ ಅಂಗಡಿಯವರ ಮನೆಗೆ ಸೊಸೆಯಾಗಿ ಹೋದವಳು. ಗಂಡ, ಭಾವ ಇಬ್ಬರೂ ಬೆಲ್ಲ, ಗೋವಿನಜೋಳದ ವ್ಯಾಪಾರ ನೋಡುತ್ತಾರೆ. ಸೊಂಟದ ಎಲುಬು ಮುರಿದು ಮಲಗಿದ ಅತ್ತೆಯನ್ನು ಇವಳೊಬ್ಬಳೇ ನೋಡುತ್ತಾಳೆ. ಮುದುಕಿಯ ದನಿ ಸಣ್ಣಗಾಗಿ, ಕರೆದರೆ ಬಾಜೂ ಕೋಣೆಗೂ ಕೇಳುವುದಿಲ್ಲವೆಂದು ಮಂಚದ ಕಾಲಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಾಳಂತೆ. ನಾನು ತಟ್ಟನೆ ಟೀಚರ್ ಆಗಿ, ಚಮಚದ ಉಪಾಯ ಹೇಳಿಕೊಟ್ಟೆ. "ದಾರಾ ಕಟ್ಟಿ ಬಿಡು. ನೀ ನಿನ್ನ ಖೋಲ್ಯಾಗ ಮಲಗಬಹುದು. ಬೇಕಾದಾಗ ಬಡೀತಾರ." ಅವಳು ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲಾ ಎಂದು ಹಣೆ ಬಡಿದುಕೊಂಡಳು.

ಬೆಂಚಿನ ಆ ತುದಿಯಲ್ಲಿ ಕುಳಿತಿರುತ್ತಿದ್ದವರು ಕಣಗಲಾದ ಒಬ್ಬ ಗೃಹಸ್ಥರು. ಹುಕ್ಕೇರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ರಜೆಯ ಮೇಲೆ ರಜೆ ಹಾಕಿ ನೌಕರಿ ತುದಿಗೆ ಬಂದಿತ್ತು. "ನಮ್ಮ ಸಾವಕಾರ್ರು ಕೇಳ್ತಾರ್ರಿ ಅಕ್ಕಾರ, ನೀ ನಮ್ಮ ಅಂಗಡಿಗೆ ಬರಾಂವೋ, ಗಿರಾಕಿಯೋ ಅಂತ" ಎಂದು ಹೇಳಿ ತಾವೇ ನಗುತ್ತಿದ್ದರು.

ನನ್ನ ಏಜೆನ್ಸಿ ಪುರಾಣ ಕೇಳಿ ಮೂಡಲಗಿಯವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಹೇಳಿದಳು: "ತಿಂಗಳಕ್ಕಿಂತ ಕಡಿಮಿ ಯಾರೂ ಬರಂಗಿಲ್ಲ. ತಿಂಗಳದ್ದ ಕೊಡೋದು ನಮಗ ಯಾರಿಗೂ ಆಗಂಗಿಲ್ಲ. ಹಂಗಾದ್ರ ಬಿಶಿ ಹಾಕೋಣ್ರಿ ಟೀಚರ್."

ನಮ್ಮ ಕಡೆಯ ಹೆಂಗಸರಿಗೆ ಬಿಶಿ ಹೊಸದಲ್ಲ. ಎಲ್ಲರೂ ತಿಂಗಳಿಗಿಷ್ಟು ಹಣ ಕೂಡಿಸಿ ಚೀಟಿ ಎತ್ತುವುದು, ಯಾರ ಹೆಸರು ಬಂತೋ ಅವರು ಆ ತಿಂಗಳ ಗಂಟು ಒಯ್ಯುವುದು.

"ಮೂರ ಮಂದೀದು ಎಂಥಾ ಬಿಶಿನ?"

"ರೊಕ್ಕದ್ದಲ್ರಿ, ದಿನದ್ದು. ಮೂರೂ ಮನಿ ಕೂಡಿ ಒಬ್ಬಾಕಿಗೆ ತಿಂಗಳ ಪಗಾರ ಕೊಡೋಣು. ಒಬ್ಬೊಬ್ಬರ ಮನ್ಯಾಗ ಹತ್ತ ದಿನ ಇರ್ತಾಳ. ಯಾರಿಗೆ ಮೊದಲು ಅಂತ ಚೀಟಿ ಎತ್ತೋಣು."

ಕಣಗಲಾದವರು ಹಿಂದಿನಿಂದ, "ಅಕ್ಕಾರ, ಹುಡುಗಿ ನಿಮ್ಮ ಸಾಲ್ಯಾಗ ನಿದ್ದಿ ಅಷ್ಟ ಮಾಡಿಲ್ಲ ಬಿಡ್ರಿ" ಎಂದರು.

ಮಾವಶಿಯನ್ನು ಹುಡುಕಿದ್ದು ಅವರೇ. ದವಾಖಾನೆಗಳಲ್ಲಿ ರೋಗಿಗಳ ಚಾಕರಿ ಮಾಡುವ ಆಯಾಗಳನ್ನು ನಮ್ಮ ಕಡೆ ಮಾವಶಿ ಎಂದೇ ಕರೆಯುತ್ತಾರೆ. ಈಕೆ ಹುಕ್ಕೇರಿಯವಳು, ಗಟ್ಟಿಮುಟ್ಟಾದ ಹೆಂಗಸು. ಕರಾರು ಅವಳದೇ: ಪಗಾರ ಮೊದಲೇ ಕೈಗೆ ಬರಬೇಕು, ಪಾತ್ರೆ ತಿಕ್ಕುವುದಿಲ್ಲ, ಚಹಾ ಕಡಕ್ ಇರಬೇಕು, ಸಂಜೆಯ ಸೀರಿಯಲ್ ತಪ್ಪಿಸುವಂತಿಲ್ಲ. ಒಪ್ಪಿದೆವು. ನನ್ನ ಪಾಲಿಗೆ ಟ್ಯೂಷನ್ ಮಕ್ಕಳಿಂದ ಮುಂದಿನ ಟರ್ಮಿನ ಫೀ ಮೊದಲೇ ಕೇಳಿ ಪಡೆದೆ.

ಚೀಟಿ ಎತ್ತಿದ್ದು ಅದೇ ಬೆಂಚಿನ ಮೇಲೆ, ಮೂಡಲಗಿಯವಳ ಊಟದ ಡಬ್ಬಿಯಲ್ಲಿ. ಮೊದಲ ಹೆಸರು ಅವಳದೇ ಬಂತು. ಎರಡನೆಯದು ಕಣಗಲಾ. ನನ್ನದು ಕೊನೆ.

ಮಾವಶಿ ಬರಲಿದ್ದ ತಿಂಗಳ ಮೊದಲ ವಾರಕ್ಕೇ ಡಾಕ್ಟರ್ ಆಪರೇಷನ್ನಿನ ಡೇಟ್ ಕೊಟ್ಟಿದ್ದರು. ಅದು ತಪ್ಪಿದರೆ ಮುಂದಿನದು ಯಾವಾಗಲೋ, ಅಷ್ಟರಲ್ಲಿ ಎಷ್ಟು ಉಳಿದಿರುತ್ತದೋ. ಆದರೆ ಬಿಶಿಗೆ ಒಂದು ಮರ್ಯಾದೆಯಿದೆ. ಬಂದ ಚೀಟಿಯನ್ನು ತಾನಾಗಿ ಇನ್ನೊಬ್ಬಳಿಗೆ ಬಿಟ್ಟುಕೊಟ್ಟರೆ ಅದು ದೊಡ್ಡತನ. ಬಾಯಿಬಿಟ್ಟು ಕೇಳುವುದು ಮಾತ್ರ ಎಲ್ಲೂ ಇಲ್ಲ. ಮಗಳ ಮದುವೆ ಇಟ್ಟುಕೊಂಡವರೂ ಕೇಳುವುದಿಲ್ಲ, ಬಾಯಿ ಮುಚ್ಚಿ ಕೂರುತ್ತಾರೆ. ನಾನೂ ಕುಳಿತೆ. ಒಳಗಿನಿಂದ ನಮ್ಮವರ ಕಾಲು ಆಡಿಸುವ ಹುಡುಗನ ಎಣಿಕೆ ಕೇಳುತ್ತಿತ್ತು. ಅವನು ಮುಗಿಸುವುದರೊಳಗೆ ಮಾತಾಡದಿದ್ದರೆ ಆ ಮಾತು ಇನ್ನು ಬರುವುದಿಲ್ಲ ಅನ್ನಿಸಿತು.

"ನೀ ಏನ ಮಾಡಾಕಿ, ಹತ್ತ ದಿನ?" ಎಂದು ಕೇಳಿದೆ.

"ಏನೂ ಇಲ್ರಿ. ತವರಮನಿಗೆ ಹೋಗಿ, ಬಾಗ್ಲಾ ಹಾಕ್ಕೊಂಡು, ಮಲಗಿಬಿಡ್ತೇನಿ. ಊಟಕ್ಕೂ ಎಬ್ಬಿಸಬ್ಯಾಡ್ರಿ ಅಂತ ಅವ್ವಗ ಹೇಳೇನಿ."

ಅವಳ ಕಾರಣ ಹಗುರವಾಗಿ ಕಂಡಿತು. ಹಾಗಾಗಿ ಕೇಳಿದೆ. "ನನ್ನ ಕಣ್ಣಿಂದು ಡೇಟ್ ಬಂದೈತಿ. ನಿನ್ನ ಚೀಟಿ ನನಗ ಕೊಡ್ತೀಯೇನ?"

ಕಣಗಲಾದವರು ನೆಲ ನೋಡಿದರು. ಅವಳು ನನ್ನನ್ನೇ ನೋಡಿದಳು.

"ನಳದ ಮುಂದ ನಮ್ಮನ್ನ ಲೈನ್ ನಿಲ್ಲಿಸ್ತಿದ್ರಿ. ‘ನೋ ಜಂಪಿಂಗ್ ದ ಕ್ಯೂ, ಗರ್ಲ್ಸ್’ ಅಂತ ಬೆತ್ತಾ ಹಿಡಕೊಂಡ ನಿಲ್ತಿದ್ರಿ. ಈಗ ನೀವ ನಡಬರಕ ಬರ್ತೀರೇನ್ರಿ?" ಎಂದು ಜೋರಾಗಿ ನಕ್ಕಳು. ನಗುತ್ತಲೇ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ನಿದ್ದಿ ಎಲ್ಲಿ ಓಡಿ ಹೋಗ್ತೈತ್ರಿ. ಕಣ್ಣ ಮೊದಲ. ನಾ ಕೊನೀಗೆ ತೊಗೋತೇನಿ ಬಿಡ್ರಿ."

ಹೀಗೆ ಮಾವಶಿ ಮೊದಲು ನಮ್ಮ ಮನೆಗೆ ಬಂದಳು. ಆಪರೇಷನ್ನಿಗೆ ಎರಡು ದಿನವಿತ್ತು. ನಾನು ಅವಳನ್ನು ಮಂಚದ ಹತ್ತಿರ ಕರೆದು, "ಇವರು ನರ್ಸ್ ಇದ್ಹಾಂಗ. ನಿಮ್ಮನ್ನ ನೋಡ್ಕೊಳ್ಳಾಕ ಬಂದಾರ" ಎಂದೆ. ಅವರು ಮುಖ ಗೋಡೆಗೆ ತಿರುಗಿಸಿದರು. ಗಂಜಿ ತಂದರೆ ಹಲ್ಲು ಕಚ್ಚಿದರು. ಮಗ್ಗಲು ಬದಲಿಸಲು ಹೋದರೆ ಎಡಗೈಯಿಂದ ಕಂಬಿ ಹಿಡಿದರು. ನೂಲಿನ ಫ್ರೇಮುಗಳ ಜೊತೆ ಹೆಣಗಿದ ಕೈ, ಬಿಡಿಸಲು ಬರಲಿಲ್ಲ. ಮಾರನೆಯ ದಿನವೂ ಅದೇ ನಡೆಯಿತು. ಮಾವಶಿ ಚೀಲಕ್ಕೆ ಸೀರೆ ತುರುಕತೊಡಗಿದಳು.

"ಬಾಯಾರ, ಮುಟ್ಟಾಕ ಬಿಡದ ಪೇಶಂಟನ್ನ ನಾ ಹೆಂಗ ನೋಡಲಿ? ಎಲುಬ ಗಿಲುಬ ಮುರದ್ರ ನನ್ನ ಮ್ಯಾಲ ಬರ್ತೈತಿ. ಇವರನ್ನ ನೀವಾ ನೋಡ್ಕೋರಿ. ನಾ ಹೊಕ್ಕೇನಿ."

ಆ ಚೀಲವನ್ನು ನೋಡುತ್ತಿದ್ದಂತೆ ಮಿಲ್ಲಿನ ಗೇಟು ನೆನಪಾಯಿತು. ಪಾಳಿ ಶುರುವಾಗುವ ಮೊದಲು ಊಟದ ಚೀಲ ಹಿಡಿದು ಬದಲಿ ಕೆಲಸಗಾರರು ಗೇಟಿನಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಕಾಯಂ ಕೆಲಸಗಾರ ಬರದಿದ್ದರೆ ಆ ಜಾಗಕ್ಕೆ ಇವರಲ್ಲೊಬ್ಬರು. ಯಾರೆಂದು ಆರಿಸುವವರು ಜಾಬರ್. ನಮ್ಮವರು ಮಾತಾಡುತ್ತಿರಲಿಲ್ಲ, ಬೆರಳು ತೋರಿಸುತ್ತಿದ್ದರು ಅಷ್ಟೇ. ಅವರು ಆರಿಸದವರು ಯಾರೂ ಅವರ ಖಾತೆಯೊಳಗೆ ಕಾಲಿಡುತ್ತಿರಲಿಲ್ಲ. ಇಲ್ಲಿ ನಾನು ಅವರನ್ನು ಒಂದು ಮಾತೂ ಕೇಳದೆ ಮನುಷ್ಯಳನ್ನು ತಂದು ಎದುರಿಗೆ ನಿಲ್ಲಿಸಿದ್ದೆ.

ಮಾವಶಿಗೆ ಚೀಲ ಹಿಡಿದೇ ಹೊಸ್ತಿಲಾಚೆ ನಿಲ್ಲಲು ಹೇಳಿದೆ. ಒಬ್ಬಳೇ ನಿಂತರೆ ಆರಿಸುವುದೆಲ್ಲಿ ಬಂತು? ಬಾಜೂ ಮನೆಯಾಕೆಯನ್ನು ಕರೆದು ಅವಳ ಪಕ್ಕ ನಿಲ್ಲಿಸಿದೆ. ಅವಳು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದಳು. ಆ ತುದಿಗೆ ನಾನೂ ನಿಂತೆ, ಲೈನು ತುಂಬಲಿ ಎಂದು.

"ಬದಲಿ ಮಂದಿ ಗೇಟಿಗೆ ನಿಂತಾರ. ಯಾರನ್ನ ತೊಗೋತೀರಿ?"

ಅವರು ಗೋಡೆಯಿಂದ ಮುಖ ತಿರುಗಿಸಿದರು. ಒಬ್ಬೊಬ್ಬರನ್ನೇ ನೋಡಿದರು, ಕಾಲಿನಿಂದ ತಲೆಯವರೆಗೆ, ಅವಸರವಿಲ್ಲದೆ. ಬಾಜೂ ಮನೆಯಾಕೆ ನಗು ತಡೆಯಲಾರದೆ ಲಟ್ಟಣಿಗೆಯಿಂದ ಬಾಯಿ ಮುಚ್ಚಿಕೊಂಡಳು. ಎಡಗೈ ಕಂಬಿ ಬಿಟ್ಟಿತು. ಬೆರಳು ಎದ್ದಿತು.

ನನ್ನನ್ನು ತೋರಿಸಿದರು.

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅಷ್ಟು ಸ್ಪಷ್ಟವಾಗಿ ಅವರು ನನಗೆ ಏನನ್ನೂ ಹೇಳಿರಲಿಲ್ಲ. ಬೇರೆ ಯಾವುದೇ ದಿನವಾಗಿದ್ದರೆ ನಾನು ಹಾಗೇ ಒಳಗೆ ಹೋಗಿ ಚಾದರ ಬದಲಿಸಲು ಶುರುಮಾಡುತ್ತಿದ್ದೆ. ಕಾಲು ಹೊರಟೂ ಇತ್ತು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಂದು ಪಾಳಿ ಮುಗದೈತ್ರಿ. ಪಾಳಿ ಮುಗದವರಿಗೆ ಮತ್ತೊಂದು ಪಾಳಿ ಕೊಡಂಗಿಲ್ಲ, ನಿದ್ದಿಗಣ್ಣಾಗ ಕೈ ಮಷಿನ್ನಿಗೆ ಹೋಗ್ತಾವ ಅಂತ ನೀವ ಹೇಳ್ತಿದ್ರಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಬೆರಳು ಕೆಳಗಿಳಿಯಿತು. ಮತ್ತೆ ಎದ್ದಾಗ ಮಾವಶಿಯ ಕಡೆ ತಿರುಗಿತ್ತು.

ಮಾವಶಿ ಎಲ್ಲ ನೋಡುತ್ತಿದ್ದವಳು, ಒಳಗೆ ಬಂದು ಚೀಲ ಮೂಲೆಗಿಟ್ಟು, "ಯಾವ ಫ್ರೇಮ್ ರೀ ಸಾಹೇಬ್ರ?" ಎಂದಳು. ಅಂದು ಮಧ್ಯಾಹ್ನ ಅವಳ ಕೈಯಿಂದ ಗಂಜಿ ಕುಡಿದರು.

ಆಪರೇಷನ್ನಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹಸಿರು ಬಟ್ಟೆ, ಬಿಳಿ ಬೆಳಕು, ಡಾಕ್ಟರರ ಹಿಂದಿ ಹಾಡಿನ ಗುನುಗು. ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡು ಮನೆಗೆ ಬಂದೆ. ಉಳಿದ ದಿನಗಳಲ್ಲಿ ಕುರ್ಚಿಯಲ್ಲಿ ನೆಟ್ಟಗೆ ಕೂರುವುದೇ ನನ್ನ ಕೆಲಸ. ಟಣ್ ಎಂದರೆ ಕಾಲು ಏಳುತ್ತಿತ್ತು, ಮಾವಶಿ ಅಲ್ಲಿಂದಲೇ "ಕುಂದರ್ರಿ ಬಾಯಾರ!" ಎಂದು ಗದರುತ್ತಿದ್ದಳು. ಅವಳು ಫೋನನ್ನು ಸ್ಪೀಕರಿನಲ್ಲಿಟ್ಟು ಹುಕ್ಕೇರಿಯ ಅಕ್ಕತಂಗಿಯರೊಂದಿಗೆ ಜಗಳವಾಡುತ್ತಿದ್ದಳು, ಕಾನ್ವೆಂಟಿನಲ್ಲಿ ಕಲಿತ ನನ್ನ ತೆಳು ಚಹಾವನ್ನು ಕ್ರಿಶ್ಚನ್ನರ ಚಹಾ ಎಂದು ಹಂಗಿಸುತ್ತಿದ್ದಳು. ಇಗರ್ಜಿಗೆ ಕಾಲಿಡದ ನನಗೆ ಆ ಚಹಾದಿಂದ ಅಷ್ಟರಮಟ್ಟಿಗೆ ಮತಾಂತರ ಆಯಿತು. ಎಷ್ಟು ಹಾಯಾಗಿತ್ತು, ಸಿಟ್ಟು ಬರುವಷ್ಟು ಪುರುಸೊತ್ತು ಇರುವುದು!

ಹತ್ತನೆಯ ಬೆಳಗ್ಗೆ ಅವಳು ನನ್ನನ್ನು ಮಂಚದ ಸುತ್ತ ನಡೆಸಿದಳು. ಹಿಮ್ಮಡಿ ಕೆಂಪಾಗಿದೆ, ದಿಂಬು ಇಡಿ. ಎಡಗಲ್ಲದ ಕಡೆಗೆ ತುತ್ತು ಕೊಡಿ. ಎತ್ತಬೇಡಿ, ಸೊಂಟದ ಕೆಳಗೆ ಮಡಚಿದ ಚಾದರ ಹಾಸಿ ಬಾಜೂ ಮನೆಯವರಿಂದ ಎಳೆಸಿ. ಆಮೇಲೆ ಚೀಲ ಹೆಗಲಿಗೇರಿಸಿ, "ಇನ್ನ ನಿಮ್ಮ ಪಾಳಿ, ಬಾಯಾರ" ಎಂದು ಕಣಗಲಾಕ್ಕೆ ಹೊರಟಳು. ಮಂಚದ ಮೇಲಿಂದ ಅವರು ಎಡಗೈ ಎತ್ತಿದರು, ಅವಳಿಗೆ.

ಕಣಗಲಾದವರ ಹತ್ತು ದಿನ ಮುಗಿಯುವ ಮೊದಲೇ ಫೋನ್ ಬಂತು. "ಅಕ್ಕಾರ, ಮಾವಶಿಗೆ ಕೊಲ್ಲಾಪುರದಾಗ ಕಾಯಂ ಕೆಲಸ ಸಿಕ್ಕೈತಂತ. ನಾಳೆನ ಹೊಂಟಾಳ. ಮೂಡಲಗಿಯವರ ಪಾಲಿನ ರೊಕ್ಕ ತಿರುಗಿ ಕೊಟ್ಟಾಳ್ರಿ, ಅದರಾಗ ಮೋಸ ಇಲ್ಲ." ಇಲ್ಲ, ಮೋಸ ಯಾರದೂ ಇರಲಿಲ್ಲ. ಕಾಯಂ ಕೆಲಸ ಬಿಟ್ಟು ಮೂರು ಊರು ತಿರುಗುವ ಚೀಲದ ಬದುಕನ್ನು ಅವಳೇಕೆ ಹಿಡಿದುಕೊಳ್ಳಬೇಕು?

ಮತ್ತೆ ಫೋನು, ಮತ್ತೆ ವಿಚಾರಣೆ. ಒಬ್ಬಳು ಮೂಡಲಗಿ ದೂರವೆಂದಳು, ಇನ್ನೊಬ್ಬಳು ಬರುತ್ತೇನೆಂದು ಹೇಳಿ ಬರಲಿಲ್ಲ. ಕೊನೆಗೆ ನಾನೇ ಹೇಳಿದೆ, ನಿನ್ನ ಅತ್ತೆಯನ್ನು ನಮ್ಮ ಮನೆಗೆ ಕರೆದುಕೊಂಡು ಬಾ, ಇನ್ನೊಂದು ಮಂಚ ಬಾಡಿಗೆಗೆ ತರುತ್ತೇನೆ, ಎತ್ತಲು ಬಾಜೂ ಮನೆಯಾಕೆ ಒಪ್ಪಿದ್ದಾಳೆ, ನೀನು ತವರಿಗೆ ಹೋಗು ಎಂದು. ಫೋನಿನಲ್ಲಿ ಅವಳ ಭಾವನ ದನಿ ಹಿಂದಿನಿಂದ ಕೇಳಿತು: "ತಾಯಿನ್ನ ಪರರ ಮನ್ಯಾಗ ಇಟ್ಟ ಬರೋದಾ? ಪ್ಯಾಟಿ ಮಂದಿ ನಮ್ಮ ಮಾರಿಗೆ ಉಗಳತಾರ. ಮನ್ಯಾಗ ಹೆಣ್ಮಕ್ಕಳಿಲ್ಲೇನು?" ಹೆಣ್ಮಕ್ಕಳು ಎಂದರೆ ಇವಳೇ.

"ಇರ್ಲಿ ಬಿಡ್ರಿ ಟೀಚರ್" ಎಂದಳು.

ಆಮೇಲೆ ಅವಳ ದನಿ ಎಷ್ಟೋ ಸಲ ಕೇಳಿದ್ದೇನೆ. ಮುಖ ನೋಡಿದ್ದು ಒಂದೇ ಸಲ. ಅವಳ ಅತ್ತೆಯ ಫಿಜಿಯೊಥೆರಪಿ ನಿಲ್ಲಿಸಿಬಿಟ್ಟರು, ಹಾಗಾಗಿ ಬೆಂಚಿಗೂ ಬರಲಿಲ್ಲ. ಅವಳಿಗೆ ಮನೆ ಬಿಡಲಾಗುವುದಿಲ್ಲ, ನನಗೂ ಇಲ್ಲ. ನಮ್ಮ ನಡುವೆ ಒಂದು ಬಸ್ಸಿನ ದಾರಿ ಅಷ್ಟೇ.

ಆ ಒಂದು ಸಲ, ಮುಚ್ಚಳ ತೆಗೆದ ಮೇಲೆ, ಬಾಜೂ ಮನೆಯಾಕೆಯನ್ನು ಕೂರಿಸಿ ಮೂಡಲಗಿಗೆ ಹೋದೆ. ಬಾಗಿಲು ತೆರೆದವಳು ಸೊರಗಿದ್ದಳು. ಕುರ್ಚಿ ಕೊಟ್ಟು, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ನನ್ನ ಬಲಗಣ್ಣನ್ನು ನನ್ನದೇ ಅಂಗೈಯಿಂದ ಮುಚ್ಚಿಸಿ, ದೂರ ನಿಂತು ಕೈ ಎತ್ತಿದಳು.

"ಎಷ್ಟ ಬೆರಳ, ಟೀಚರ್?"

"ಮೂರು."

"ಖರೇನ? ಕಾಪಿ ಹೊಡದಿಲ್ಲಲ್ಲ?" ಅದೇ ಜೋರಾದ ನಗು. "ಹಂಗಾದ್ರ ನನ್ನ ಚೀಟಿ ಪಾಸಾತು."

ನಾನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿತ್ತು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಬಾಯಿ ತೆರೆದೆ.

ಒಳಗಿನಿಂದ ಟಣ್ ಎಂದಿತು.

ನನ್ನ ಕಾಲು ಎದ್ದಿತು. ಅವಳದು ಅದಕ್ಕೂ ಮೊದಲು ಎದ್ದಿತ್ತು. "ಬಂದ್ನಿ, ಬಂದ್ನಿ" ಎನ್ನುತ್ತ, ದುಪಟ್ಟಾ ಸೊಂಟಕ್ಕೆ ಬಿಗಿಯುತ್ತ, ಪರದೆ ಸರಿಸಿ ಒಳಗೆ ಹೋದಳು. ಎಡಗಣ್ಣಿಗೂ ಸ್ಪಷ್ಟವಾಗಿ ಕಂಡಿತು, ಅವಳ ಬೆನ್ನು, ಅಲುಗಾಡಿ ನಿಂತ ಪರದೆ. ಕೊನೆಯ ಬಸ್ಸಿನ ಹೊತ್ತಿನವರೆಗೂ ಕಾದೆ. ಒಳಗಿನ ಕೆಲಸ ಮುಗಿಯಲಿಲ್ಲ, ಅವಳು ಹೊರಗೆ ಬರಲಿಲ್ಲ.